ಅದು ಸೋಮಾರಿತನವಲ್ಲ



ಕೆಲವು ವರ್ಷಗಳ ಹಿಂದೆ ಪೀಠಸೇವೆಗೆ ಬರುತ್ತಿದ್ದ ಹತ್ತು ವರ್ಷದ ಹುಡುಗನೊಬ್ಬನನ್ನು ನಾನು ಎಲ್ಲರೆದುರು ಗದರಿಸಿದೆ. ಪ್ರಾರ್ಥನೆಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಅಂಗಿಯ ಗುಂಡಿ ಮೇಲೆ ಕೆಳಗೆ, ಕೈಗೆ ಕೊಟ್ಟದ್ದೆಲ್ಲ ನೆಲಕ್ಕೆ. ಮರುವಾರ ಅವನು ಬರಲಿಲ್ಲ. ಮನೆಗೆ ಹೋದಾಗ ತಾಯಿ, “ಫಾದರ್, ಅವನು ಬೇಕೆಂದು ಮಾಡುವುದಲ್ಲ” ಎಂದು ಕಣ್ಣೊರೆಸಿಕೊಂಡರು.

ಆ ತಾಯಿಯ ಮಾತೇ ನಿಜವಾಗಿತ್ತು. ಯಾವುದೇ ಕೆಲಸಕ್ಕೆ ಮುನ್ನ ಯಾವ ಚಲನೆ ಮೊದಲು, ಯಾವುದು ನಂತರ, ಎಷ್ಟು ಬಲ ಬೇಕು ಎಂದು ಮೆದುಳು ಯೋಜಿಸುತ್ತದೆ. ನಮಗೆ ಇದು ರೂಢಿಯಾಗಿಬಿಡುತ್ತದೆ. ಕೆಲವು ಮಕ್ಕಳಿಗೆ ಮಾತ್ರ ದಿನವೂ ಮೊದಲ ದಿನವೇ. ಇದನ್ನು ಡಿಸ್‌ಪ್ರಾಕ್ಸಿಯಾ ಎನ್ನುತ್ತಾರೆ. ಶಾಲಾ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 5–6 ಮಂದಿಗೆ ಇಂಥ ತೊಂದರೆ ಇರುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಶೂ ಲೇಸ್ ಕಟ್ಟುವುದು, ಸೈಕಲ್ ಕಲಿಯುವುದು, ಚೆಂಡು ಹಿಡಿಯುವುದು, ವೇಗವಾಗಿ ಬರೆಯುವುದು ಇವರಿಗೆ ಕಷ್ಟ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಬೆತ್ತ ಹಿಡಿದರೆ ಕೈ ಇನ್ನಷ್ಟು ನಡುಗುತ್ತದೆ, ಅಷ್ಟೆ. ಹಾಗಾದರೆ ಏನು ಮಾಡಬೇಕು?

ಕೆಲಸವನ್ನು ಚಿಕ್ಕ ಹಂತಗಳಾಗಿ ಒಡೆಯಿರಿ. ಕೊನೆಯ ಹಂತದಿಂದ ಕಲಿಸಿ: ಗುಂಡಿಯನ್ನು ಅರ್ಧ ತೂರಿಸಿ ಕೊಡಿ, ಪೂರ್ತಿ ಎಳೆಯುವುದು ಮಗುವಿನ ಕೆಲಸ. ‘ನಾನೇ ಮುಗಿಸಿದೆ’ ಎಂಬ ಸಂತೋಷ ಅದಕ್ಕೆ ಸಿಗಲಿ. ಅದು ಬಂದ ಮೇಲೆ ಹಿಂದಿನ ಹಂತ. ‘ಏನು ಮಾಡಬೇಕು? ಹೇಗೆ ಮಾಡುತ್ತೀ?’ ಎಂದು ಮೊದಲು ಕೇಳಿ. ಮಾಡಿದ ಮೇಲೆ ‘ಸರಿಯಾಯಿತೇ?’ ಎಂದು ಅದೇ ನೋಡಿಕೊಳ್ಳಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಶಾಲೆಯ ಅವಸರದ ಹೊತ್ತಿನಲ್ಲಿ ಬೇಡ, ಸಂಜೆ ಮಾಡಿ. ಅಣ್ಣ ತಂಗಿಯರೊಂದಿಗೆ ಹೋಲಿಸಬೇಡಿ.

ಇದನ್ನು ವಾಸಿಮಾಡುವ ಔಷಧಿ ಇಲ್ಲ. ಮಕ್ಕಳ ವೈದ್ಯರಿಗೆ ತೋರಿಸಿ, ಆಕ್ಯುಪೇಷನಲ್ ಥೆರಪಿಸ್ಟರ ಬಗ್ಗೆ ಕೇಳಿ. ನಮ್ಮ ಗಡಿನಾಡಿನಲ್ಲಿ ವೈದ್ಯರ ಭಾಷೆ ಬೇರೆಯಿರಬಹುದು. ಮಗುವಿಗೆ ಯಾವ ಕೆಲಸ ಬರುವುದಿಲ್ಲ ಎಂದು ಬರೆದುಕೊಂಡು, ಆ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ತೊಂದರೆಗಳಲ್ಲಿ ಡಿಸ್‌ಪ್ರಾಕ್ಸಿಯಾವನ್ನೂ ಹೆಸರಿಸಿದೆ. ಆದ್ದರಿಂದ ಬರೆಯಲು ಹೆಚ್ಚು ಸಮಯ ಕೊಡಿರೆಂದು ಶಿಕ್ಷಕರನ್ನು ಕೇಳಲು ಸಂಕೋಚ ಬೇಡ.

ಆ ಹುಡುಗನ ಬಳಿ ನಾನು ಕ್ಷಮೆ ಕೇಳಿದೆ. ಅವನು ಮರಳಿ ಬಂದ. ಮುಂದೆ ಅವನು ಗುಂಡಿ ಹಾಕಿ ಮುಗಿಸುವವರೆಗೆ ನಾವು ಕಾಯುತ್ತಿದ್ದೆವು. ಅದಕ್ಕೆ ಬೇಕಾಗುತ್ತಿದ್ದುದು ಎರಡೇ ನಿಮಿಷ.