ಹಳೆಯ ಗಾಡಿಯ ಬ್ರೇಕು: ದೋಷ ಗುರುತಿಸಿ ಗಾಳಿ ತೆಗೆಯುವ ಬಗೆ

ತೊಗರಿ ರಾಶಿ ಮುಗಿಯಿತೆಂದರೆ ಮಾದನಹಿಪ್ಪರಗಾದ ಕಡೆಯಿಂದ ಆಳಂದದ ಬಜಾರಕ್ಕೆ ಓಡಾಟ ಹೆಚ್ಚುತ್ತದೆ. ಮನೆಯಲ್ಲಿ ಹಳೆಯ ಜೀಪೋ ಅಂಬಾಸಿಡರ್ ಕಾರೋ ಇದ್ದರೆ ಚೀಲವೂ ಅದರಲ್ಲೇ, ಮಕ್ಕಳುಮರಿಯೂ ಅದರಲ್ಲೇ. ಎತ್ತಿನ ಬಂಡಿ ಹೂಡುವ ಮುನ್ನ ಅಚ್ಚಿಗೆ ಎಣ್ಣೆ ಬಿಟ್ಟು ಕಡಾಣಿ ಮುಟ್ಟಿ ನೋಡುವ ನಾವು, ಮೋಟಾರು ಗಾಡಿಯ ಬ್ರೇಕನ್ನು ಮಾತ್ರ "ಹಿಡೀತದ ಬಿಡ್ರಿ" ಎಂದು ಮರೆಯುತ್ತೇವೆ. ಇದು ಸರಿಯಲ್ಲ.

ಬ್ರೇಕು ಹಿಡಿಯುವುದು ಹೇಗೆ?

ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಬ್ರೇಕ್ ಆಯಿಲು ಸಣ್ಣ ಪೈಪುಗಳ ಮೂಲಕ ನಾಲ್ಕೂ ಗಾಲಿಗಳಿಗೆ ಒತ್ತಡ ಒಯ್ಯುತ್ತದೆ. ಗಾಲಿಯ ಸಿಲಿಂಡರು ಬ್ರೇಕ್ ಶೂಗಳನ್ನು ಹೊರಕ್ಕೆ ನೂಕುತ್ತದೆ. ಶೂವಿನ ಲೈನರು ಡ್ರಮ್ಮಿನ ಒಳಮೈಗೆ ಒತ್ತಿ ಗಾಡಿ ನಿಲ್ಲುತ್ತದೆ. ಆಯಿಲು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ನಿಮ್ಮ ಕಾಲಿನ ಬಲ ಗಾಳಿಯನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಹಳೆಯ ಗಾಡಿಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಆಯಿಲಿನ ಸಾಲು. ಒಂದು ಕಡೆ ಸೋರಿದರೂ ಕಾಲಿನ ಬ್ರೇಕು ಪೂರ್ತಿ ಹೋಗಬಹುದು.

ಪೆಡಲ್ ಹೇಳುವ ಮಾತು

ಪೆಡಲ್ ಹತ್ತಿಯ ಮೂಟೆ ತುಳಿದಂತೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ.

ಮೊದಲ ತುಳಿತಕ್ಕೆ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದ ಮೇಲೆ ಮೇಲೆ ಬಂದು ಗಟ್ಟಿಯಾದರೆ, ಬಹುಶಃ ಲೈನರು ಸವೆದಿದೆ ಇಲ್ಲವೆ ಶೂ ಸಡಿಲಾಗಿದೆ.

ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಇಳಿಯುತ್ತ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ಪು ಕೆಟ್ಟಿದೆ. ಇಂಥ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು.

ಗಾಡಿ ಎಡಕ್ಕೆ ಎಳೆದರೆ ಎಡಗಡೆ ಹೆಚ್ಚು ಹಿಡಿಯುತ್ತಿದೆ. ಬಲಗಡೆಯ ಲೈನರಿಗೆ ಆಯಿಲೋ ಗ್ರೀಸೋ ತಾಗಿದೆಯೇ, ಸಿಲಿಂಡರು ಜಾಮಾಗಿದೆಯೇ ನೋಡಿರಿ. ಒಂದು ಡ್ರಮ್ಮು ಮಾತ್ರ ಬಹಳ ಕಾದರೆ ಅಲ್ಲಿ ಶೂ ಹಿಂದಕ್ಕೆ ಸರಿಯುತ್ತಿಲ್ಲ.

"ಹವಾ ಒಳಗ ಹ್ಯಾಂಗ ಹೋಯ್ತು?" ಎಂದು ಕೇಳಬಹುದು. ಆಯಿಲು ತೀರಾ ಕಡಿಮೆಯಾದಾಗ, ಪೈಪು ಬಿಚ್ಚಿದಾಗ, ಕಪ್ಪು ಹಳೆಯದಾದಾಗ ಹೋಗುತ್ತದೆ. ಆದ್ದರಿಂದ ಮೊದಲು ಸೋರಿಕೆ ಹುಡುಕಿ ಸರಿಪಡಿಸಿರಿ. ಶೂಗಳನ್ನು ಅಡ್ಜಸ್ಟ್ ಮಾಡಿಸಿರಿ. ಆಮೇಲೆ ಗಾಳಿ ತೆಗೆಯಿರಿ.

ಗಾಳಿ ತೆಗೆಯುವ ಕ್ರಮ

ಇದು ಇಬ್ಬರ ಕೆಲಸ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಡಿರಿ. ಕೆಳಗೆ ಹೋಗುವುದಿದ್ದರೆ ಜ್ಯಾಕನ್ನೊಂದೇ ನಂಬಬೇಡಿರಿ. ಗಟ್ಟಿ ಕಟ್ಟಿಗೆಯ ಆಧಾರ ಇರಲಿ.

1. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲಿನ ಧೂಳನ್ನು ಪೂರ್ತಿ ಒರೆಸಿ, ಆಮೇಲೆ ತೆರೆದು ಹೊಸ ಆಯಿಲು ತುಂಬಿರಿ. ಎರೆಮಣ್ಣಿನ ಕಣ ಒಳಗೆ ಬಿದ್ದರೆ ಕಪ್ಪು ಕೆಡುತ್ತದೆ.

2. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಗಾಲಿಯಿಂದ ಆರಂಭಿಸಿರಿ. ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

3. ಗಾಲಿಯ ಒಳಮಗ್ಗುಲಿನ ಬ್ಲೀಡರ್ ತಿರುಪಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ತುದಿ ಗಾಜಿನ ಸೀಸೆಯಲ್ಲಿನ ಆಯಿಲಿನಲ್ಲಿ ಮುಳುಗಿರಲಿ.

4. ಮೇಲಿನವರು ಪೆಡಲನ್ನು ಮೆಲ್ಲಗೆ ತುಳಿದು "ತುಳಿದೀನಿ" ಎನ್ನಬೇಕು. ಕೆಳಗಿನವರು ತಿರುಪನ್ನು ಅರ್ಧ ಸುತ್ತು ಬಿಚ್ಚಬೇಕು. ಆಯಿಲಿನ ಜೊತೆ ಗುಳ್ಳೆ ಬರುತ್ತವೆ. ತಿರುಪು ಬಿಗಿ ಮಾಡಿ "ಬಿಡ್ರಿ" ಎನ್ನುವ ತನಕ ಪೆಡಲಿನಿಂದ ಕಾಲು ಎತ್ತಬಾರದು. ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ.

5. ಗುಳ್ಳೆ ನಿಲ್ಲುವ ತನಕ ಹೀಗೆಯೇ ಮಾಡಿರಿ. ನಾಲ್ಕೈದು ತುಳಿತಕ್ಕೊಮ್ಮೆ ಮಾಸ್ಟರ್ ಸಿಲಿಂಡರಿಗೆ ಆಯಿಲು ಹಾಕಿರಿ. ಅದು ಬರಿದಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇಳಿಯದಿದ್ದರೆ, ತಿರುಪುಗಳು ಒಣಗಿದ್ದರೆ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿರಿ.

ಎಣ್ಣೆಯ ವಿಚಾರ

ಗಾಡಿಗೆ ಹೇಳಿದ ಬ್ರೇಕ್ ಆಯಿಲನ್ನೇ ಹಾಕಬೇಕು. ಡಾಟ್ 3 ಎಂಬುದು ಸಾಮಾನ್ಯ. ಇಂಜಿನ್ ಆಯಿಲು, ಡೀಜೆಲ್, ಸೀಮೆಎಣ್ಣೆ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ. ಹಿಂದೆ ಬ್ರೇಕ್ ಆಯಿಲಿನಲ್ಲಿ ಔಡಲೆಣ್ಣೆ ಸೇರಿಸುತ್ತಿದ್ದುದು ನಿಜ. ಹಾಗೆಂದು ಮನೆಯ ಔಡಲೆಣ್ಣೆ ಸುರಿಯಬೇಡಿರಿ. ಬ್ರೇಕ್ ಆಯಿಲು ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲು 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯುವುದಿಲ್ಲ. ತೇವ ಹಿಡಿದದ್ದು 140 ಡಿಗ್ರಿಗೇ ಕುದಿಯಬಹುದು. ಆದ್ದರಿಂದ ಸೀಸೆಗೆ ಬಂದ ಆಯಿಲನ್ನು ಮತ್ತೆ ಬಳಸದೆ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿರಿ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು.

ಡ್ರಮ್ಮು ಬಿಚ್ಚಿದಾಗ ಧೂಳನ್ನು ಬಾಯಿಂದ ಊದಬೇಡಿರಿ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು, ಅದು ಪುಪ್ಪುಸಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿರಿ.

ದಾರಿಯಲ್ಲಿ ಬ್ರೇಕು ಹೋದರೆ ಗಾಬರಿ ಬೇಡ. ಪೆಡಲನ್ನು ಬೇಗ ಬೇಗ ತುಳಿಯಿರಿ, ಗೇರು ಒಂದೊಂದಾಗಿ ಇಳಿಸಿರಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಆದರೆ ಆ ಹೊತ್ತು ಬಾರದಂತೆ ನೋಡಿಕೊಳ್ಳುವುದೇ ಜಾಣತನ. ಗಾಡಿ ಹೊರಡುವ ಮುನ್ನ ದಿನಾ ಒಂದು ಸಲ ಪೆಡಲ್ ಒತ್ತಿ, ಗಾಲಿಗಳ ಹಿಂದೆ ಬಗ್ಗಿ ನೋಡಿರಿ. ಅನುಮಾನ ಬಂದರೆ ಚೀಲ ಇಳಿಸಿ ಮಿಸ್ತ್ರಿಯನ್ನು ಕರೆಯಿರಿ. ತೊಗರಿ ಒಂದು ದಿನ ತಡವಾಗಿ ಮಾರಿದರೂ ನಡೆಯುತ್ತದೆ.