ಬುತ್ತಿ ಕಟ್ಟಿಕೊಂಡು ಯೂರೋಪಿಗೆ

ಯೂರೋಪಿನ ಪ್ರವಾಸವೆಂದರೆ ಸಿರಿವಂತರ ವಿಲಾಸ, ಇಲ್ಲವೆ ವಿದ್ಯಾರ್ಥಿವೇತನ ದೊರೆತವರ ಭಾಗ್ಯ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ಗಳನ್ನು ಓದಿ ಕಣ್ಣರಳಿಸಿದ ಎಷ್ಟೋ ಮಂದಿ ಉಪಾಧ್ಯಾಯರು ಪುಸ್ತಕವನ್ನು ಮುಚ್ಚಿಟ್ಟು, ‘ಇದು ನಮಗಲ್ಲ’ ಎಂದು ನಿಟ್ಟುಸಿರು ಬಿಟ್ಟಿರಬಹುದು. ಆ ನಿಟ್ಟುಸಿರಿಗೆ ಇಂದು ಕಾರಣವಿಲ್ಲ. ಮಿತವ್ಯಯದಿಂದ, ಯಾರ ಹಿಂಡಿನಲ್ಲೂ ಸೇರದೆ, ಸ್ವತಂತ್ರನಾಗಿ ಯೂರೋಪನ್ನು ಸುತ್ತುವುದು ಸಾಧ್ಯ. ಆದರೆ ಅದಕ್ಕೊಂದು ಶಿಸ್ತು ಬೇಕು.

ಆ ಶಿಸ್ತಿನ ಮೊದಲ ಪಾಠ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಣ ಕಾವಲುಗಳಲ್ಲಿಯೇ ದೊರೆಯುತ್ತದೆ. ಹೆಗಲ ಮೇಲೊಂದು ಕಂಬಳಿ, ಗಂಟಿನಲ್ಲೊಂದು ಬುತ್ತಿ, ಮುಂದಿನ ನೀರಿನ ನೆಲೆ ಎಲ್ಲಿ ಎಂಬ ಅರಿವು, ಇಷ್ಟನ್ನೇ ನಂಬಿ ಕುರಿಗಾಹಿ ಹಿಂಡಿನೊಡನೆ ಹೊರಡುತ್ತಾನೆ. ಹೊರೆ ಹಗುರವಾಗಿರಬೇಕು, ಇರುಳಿಗೊಂದು ತಾವಿರಬೇಕು, ಊಟ ತನ್ನ ಕೈಯಲ್ಲಿರಬೇಕು. ಅದೇ ಕುದಾಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಧ್ಯಾಪಕರಿಗೆ ತರಬೇತಿ ನೀಡುವುದು ಅಲ್ಲಿನ ಮುಖ್ಯ ಕಾರ್ಯಗಳಲ್ಲೊಂದು. ಅಂಥ ಅಧ್ಯಾಪಕರನ್ನೂ ಅವರ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೆಲವು ಮಾತುಗಳನ್ನು ಹೇಳಬಹುದು.

ಮೊದಲನೆಯದು ಕಾಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯೂರೋಪಿಗೆ ಯೂರೋಪೇ ರಜೆಯ ಮೇಲೆ ಹೊರಡುವುದರಿಂದ ಬಾಡಿಗೆಗಳು ಗಗನಕ್ಕೇರುತ್ತವೆ. ನಮ್ಮ ಶಾಲೆಗಳ ಏಪ್ರಿಲ್, ಮೇ ತಿಂಗಳ ಬೇಸಗೆ ರಜೆಯಾಗಲಿ, ದಸರಾ ರಜೆಯಾಗಲಿ ಅಲ್ಲಿ ಅಗ್ಗದ ಕಾಲ, ಹವೆಯೂ ಹಿತವಾದುದು. ಉಪಾಧ್ಯಾಯನಿಗೆ ಇದು ಅಯಾಚಿತವಾಗಿ ಬಂದ ಅನುಕೂಲ.

ಎರಡನೆಯದು ವೀಸಾ. ಶೆಂಗೆನ್ ಒಪ್ಪಂದಕ್ಕೆ ಸೇರಿದ 29 ದೇಶಗಳಲ್ಲಿ ಒಂದೇ ವೀಸಾ ಸಾಕು. 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಇಂಗ್ಲೆಂಡಿಗೂ ಐರ್ಲೆಂಡಿಗೂ ಈ ವೀಸಾ ಸಲ್ಲದು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲೆಡೆ ಸಮಾನ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. 2024ರಿಂದ ವಯಸ್ಕರ ಶುಲ್ಕ 90 ಯೂರೋ. ಅರ್ಜಿ ತಿರಸ್ಕೃತವಾದರೂ ಈ ಹಣ ಮರಳಿ ಬಾರದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ರಜೆಯ ಮಂಜೂರಾತಿ, ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿ ಇವೆಲ್ಲವನ್ನೂ ಮೊದಲೇ ಹೊಂದಿಸಿಕೊಳ್ಳಬೇಕು. ಆರು ತಿಂಗಳು ಮುಂಚಿನಿಂದಲೂ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡುವಂತಿಲ್ಲ. ವೀಸಾ ಕೈಸೇರುವವರೆಗೆ, ಹಣ ಹಿಂದಿರುಗದಂಥ ವಿಮಾನದ ಟಿಕೆಟನ್ನು ಕೊಳ್ಳದಿರುವುದೇ ಜಾಣತನ.

ಮೂರನೆಯದು ತಂಗುದಾಣ. ಈ ವಿಷಯದಲ್ಲಿ ಬಡ ಪ್ರವಾಸಿಗನು ಜರ್ಮನಿಯ ಒಬ್ಬ ಶಾಲಾ ಉಪಾಧ್ಯಾಯನಿಗೆ ಋಣಿಯಾಗಿರಬೇಕು. 1909ರಲ್ಲಿ ಮಕ್ಕಳೊಡನೆ ಕಾಲುನಡಿಗೆಯಲ್ಲಿ ಹೊರಟ ರಿಚರ್ಡ್ ಶಿರ್ಮನ್ ಎಂಬಾತನು ಬಿರುಗಾಳಿ ಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲು ಹಾಸಿ ರಾತ್ರಿ ಕಳೆದನು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ನಡೆದುಬರುವ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಯೋಚಿಸಿದನು. ಆ ಯೋಚನೆಯ ಫಲವಾಗಿ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯುವನಿಲಯ ಏರ್ಪಟ್ಟಿತು. ಇಂದು ಅಂಥ ನಿಲಯಗಳು ಯೂರೋಪಿನ ತುಂಬ ಹರಡಿವೆ. ಹಲವೆಡೆ ವಯಸ್ಸಿನ ನಿರ್ಬಂಧವೂ ಇಲ್ಲ. ಹಲವು ಹಾಸಿಗೆಗಳ ಕೋಣೆ, ಎಲ್ಲರಿಗೂ ಒಂದು ಅಡಿಗೆಮನೆ. ಬೀಗವೊಂದನ್ನು ನಾವೇ ಒಯ್ಯಬೇಕು.

ನಾಲ್ಕನೆಯದು ಊಟ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿಗಳು ಸಂಗಡವಿದ್ದರೆ ಅರ್ಧ ಖರ್ಚು ಉಳಿದಂತೆ. ಆದರೆ ಹೊರಗಿನಿಂದ ಬರುವವರು ಹಾಲು, ತುಪ್ಪ, ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಮಾವಿನ ಹಣ್ಣಿನ ಆಸೆಯನ್ನೂ ಬಿಡಬೇಕು. ಇಟಲಿಯಲ್ಲಿ ನಿಂತು ಕುಡಿದ ಕಾಫಿಗೂ ಕುಳಿತು ಕುಡಿದ ಕಾಫಿಗೂ ಬೆಲೆ ಬೇರೆ ಬೇರೆ ಇರುವುದುಂಟು, ಕುಳಿತರೆ ಹೆಚ್ಚು. ರೋಮಿನ ಬೀದಿ ಬೀದಿಯಲ್ಲಿ ಸದಾ ಹರಿಯುವ ಕಾರಂಜಿ ನಲ್ಲಿಗಳಿವೆ. ಆ ನೀರು ಕುಡಿಯಲು ಯೋಗ್ಯ. ಸೀಸೆಯೊಂದಿದ್ದರೆ ನೀರಿಗಾಗಿ ಕಾಸು ಬಿಚ್ಚಬೇಕಾಗಿಲ್ಲ.

ಇನ್ನು ಸಂಚಾರ. ಪ್ಯಾರಿಸ್, ಜ್ಯೂರಿಕ್‌ಗಳಿಗಿಂತ ಪ್ರಾಗ್, ಬುಡಾಪೆಸ್ಟ್, ಕ್ರಾಕೋ ನಗರಗಳು ಅಗ್ಗ. ಹತ್ತು ದೇಶಗಳನ್ನು ಓಡಿ ನೋಡುವುದಕ್ಕಿಂತ ಮೂರು ನಗರಗಳನ್ನು ನಡೆದು ನೋಡುವುದು ಜೇಬಿಗೂ ಜ್ಞಾನಕ್ಕೂ ಲೇಸು. ಯೂರೇಲ್ ಪಾಸು 27 ವರ್ಷದೊಳಗಿನವರಿಗೆ ಅಗ್ಗವಾಗಿ ಸಿಗುತ್ತದೆ. ಆದರೆ ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಆಸನಕ್ಕೆ ಬೇರೆ ಹಣ ತೆರಬೇಕು. ಕೆಲವೇ ಪ್ರಯಾಣಗಳಾದರೆ ಮುಂಚಿತವಾಗಿ ಕೊಂಡ ಬಿಡಿ ಟಿಕೆಟುಗಳೂ ದೂರದ ಬಸ್ಸುಗಳೂ ಲಾಭಕರ. ಲಕ್ಸೆಂಬರ್ಗಿನಲ್ಲಂತೂ 2020ರಿಂದ ಸಾರ್ವಜನಿಕ ವಾಹನಗಳಲ್ಲಿ, ಮೊದಲ ದರ್ಜೆಯ ಹೊರತು, ಪ್ರಯಾಣ ಉಚಿತ. ಹಣ ತೆಗೆಯುವ ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲೆ?’ ಎಂದು ಕೇಳಿದರೆ ಒಪ್ಪಬಾರದು. ಆ ನಾಡಿನ ನಾಣ್ಯದಲ್ಲೇ ಲೆಕ್ಕ ನಡೆಯಲಿ, ಇಲ್ಲವಾದರೆ ನಷ್ಟ ನಮ್ಮದು.

ನೋಡಬೇಕಾದುದಕ್ಕೆ ಹಣವೇ ಬೇಕೆಂದಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಶಾಶ್ವತ ಸಂಗ್ರಹ ಎಲ್ಲರಿಗೂ ಉಚಿತ. ಮ್ಯಾಡ್ರಿಡ್ಡಿನ ಪ್ರಾಡೊ ಚಿತ್ರಶಾಲೆಗೆ ಸಂಜೆಯ ಕೊನೆಯ ಎರಡು ಗಂಟೆಗಳಲ್ಲಿ ಪ್ರವೇಶಧನವಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಹೋಗುವುದೇಕೆ ಎಂದು ಕೇಳುವವರುಂಟು. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಯಿಸಿದ ಮಾರ್ಟಿಮರ್ ವೀಲರ್ ಯೂರೋಪಿನಿಂದಲೇ ಬಂದವರು. ಅಲ್ಲಿಂದ ಇಲ್ಲಿಗೆ ದಾರಿ ಎಂದೋ ತೆರೆದಿತ್ತು. ಇಲ್ಲಿಂದ ಅಲ್ಲಿಗೆ ಹೋಗಲು ನಮಗೆ ಸಂಕೋಚವೇಕೆ? ಆ ಅರಸರ ಮೂರ್ತಿಗಳನ್ನು ರೋಮಿನಲ್ಲಿ ಕಣ್ಣಾರೆ ಕಂಡು ಬಂದ ಉಪಾಧ್ಯಾಯನು ಚಂದ್ರವಳ್ಳಿಯ ನಾಣ್ಯದ ಪಾಠ ಹೇಳುವಾಗ, ಬಯಲುಸೀಮೆಯ ಮಕ್ಕಳಿಗೆ ತಮ್ಮ ಊರು ಲೋಕದಿಂದ ದೂರವಿದೆ ಎಂದೆನಿಸದು. ಅದಕ್ಕಾಗಿ ಎರಡು ವರ್ಷ ಕೈಹಿಡಿದು ಖರ್ಚು ಮಾಡಿ ಹಣ ಕೂಡಿಸಿದರೂ ನಷ್ಟವೇನಿಲ್ಲ.