ಬೀಚಿಗೆ ಮೆಷಿನ್ ಹೊರುವ ಮುನ್ನ ಒಂದು ಮಾತು

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ. ಇರುವುದು ಕೆರೆ, ಕುಂಟೆ, ಕಲ್ಲುಬೆಟ್ಟ. ಆದರೂ ಮುಳಬಾಗಿಲಿನ ದೋಸೆ ಹೋಟೆಲಿರಲಿ, ಮಾಲೂರಿನ ಹೆಂಚಿನ ಕಾರ್ಖಾನೆ ಮುಂದಿನ ಟೀ ಅಂಗಡಿಯಿರಲಿ, ನಾಲ್ಕು ಹುಡುಗರು ಸೇರಿದರೆ ಇಂಥ ಮಾತು ಏಳುವುದುಂಟು:

"ಏನಣ್ಣಾ, ಮದ್ರಾಸ್ ಬೀಚಿಗೆ ಓಗಾಣ ಬಾ. ಮೆಷಿನ್ ಇಟ್ಕಂಡು ಮರಳು ನೋಡಿದ್ರೆ ಉಂಗ್ರ ಸಿಕ್ತದಂತೆ!"

"ಲೇ, ಮೆಷಿನ್ನಿಗೆ ದುಡ್ಡು ನಿಮ್ಮಪ್ಪ ಕೊಡ್ತಾನಾ?"

ಹುಡುಗರ ಆಸೆಗೆ ನಗುವಂತಿಲ್ಲ. ಮಣ್ಣಿನಲ್ಲಿ ಹೊನ್ನು ಹುಡುಕುವುದು ಈ ನೆಲದ ಹಳೆಯ ಚಾಳಿ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಸರಹದ್ದಿನ ಸರ್ವೇಗೆ ಬಂದಿದ್ದಾಗ ಊರಿಗಾಂ ಕಡೆಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು, ತೊಳೆದು, ಚಿನ್ನದ ಕಣ ತೋರಿಸಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಗಣಿ ಮುಚ್ಚಿತು, ಆಸೆ ಮುಚ್ಚಲಿಲ್ಲ. 2020ರ ನವೆಂಬರಿನಲ್ಲಿ ನಿವಾರ್ ಚಂಡಮಾರುತದ ಬೆನ್ನಿಗೇ ಆಂಧ್ರದ ಉಪ್ಪಾಡ ತೀರದಲ್ಲಿ ಚಿನ್ನದ ಚೂರು ಸಿಕ್ಕಿತೆಂದು ಊರಿಗೆ ಊರೇ ಮರಳು ಜಾಲಾಡಿದ ಸುದ್ದಿ ಎಲ್ಲರೂ ಕೇಳಿದ್ದೇ.

ಹೋಗುವುದೇನೋ ಸುಲಭ. ಮಾಲೂರು, ಬಂಗಾರಪೇಟೆಯವರಿಗೆ ಮದ್ರಾಸಿನ ರೈಲು ಹಾದಿಯುಂಟು. ಮುಳಬಾಗಿಲಿನವರಿಗೆ ನಂಗಲಿ, ಪಲಮನೇರು, ಚಿತ್ತೂರಿನ ರಸ್ತೆ. ಶ್ರೀನಿವಾಸಪುರದವರು ಮಾವಿನ ಸುಗ್ಗಿ ಮುಗಿಸಿ ಹೊರಟರೆ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಆ ಕಾಸಿನ ಮೇಲೇ ಕಣ್ಣಿಟ್ಟವರಿದ್ದಾರೆ, ಎಚ್ಚರ!

ಮೆಷಿನ್ ಎಂದರೆ ಅಂಜನವಲ್ಲ. ತಂತಿಯ ಸುರುಳಿಯಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಏಳುತ್ತದೆ. ಕೆಳಗೆ ಲೋಹವಿದ್ದರೆ ಅದರೊಳಗೂ ಚಿಕ್ಕ ಕರೆಂಟು ಹುಟ್ಟುತ್ತದೆ. ಅದನ್ನು ಹಿಡಿದು ಮೆಷಿನ್ ಕೂಗುತ್ತದೆ, ಅಷ್ಟೇ. ಉಂಗುರದಂಥ ಸಣ್ಣ ವಸ್ತು ಒಂದು ಗೇಣು ಆಳದಲ್ಲಿದ್ದರೆ ಸಿಕ್ಕೀತು. "ಐವತ್ತಡಿ ಕೆಳಗಿನ ಕೊಪ್ಪರಿಗೆ ತೋರಿಸ್ತದೆ" ಎಂದು ಕಡ್ಡಿ, ಪೆಟ್ಟಿಗೆ ಮಾರಲು ಬಂದವನನ್ನು ಬಾಗಿಲಿನಿಂದಲೇ ಸಾಗಹಾಕಬೇಕು. ಉಪ್ಪುನೀರಿನಲ್ಲೂ ಕರೆಂಟು ಹರಿಯುವುದರಿಂದ ಒದ್ದೆ ಮರಳಿನ ಮೇಲೆ ಅಗ್ಗದ ಮೆಷಿನ್ ಸುಮ್ಮಸುಮ್ಮನೆ ಕಿರುಚುತ್ತದೆ. ಇನ್ನು ಹತ್ತು ಸಲ ಕೂಗಿದರೆ ಹೆಚ್ಚುಪಾಲು ಸೋಡಾ ಮುಚ್ಚಳ, ಮೊಳೆ, ತಗಡು.

ಹಬ್ಬ, ರಜೆಯ ಜಾತ್ರೆ ಮುಗಿದ ಮರುದಿನ ಬೆಳಗಿನ ಜಾವ ಒಣ ಮರಳಿನಲ್ಲಿ ನೋಡುವುದು ಜಾಣತನ. ಜನ ಕೂತೆದ್ದ ಜಾಗದಲ್ಲೇ ಕಾಸು, ಓಲೆ ಬೀಳುವುದು. ಮದ್ರಾಸಿನಲ್ಲಿ ಭರತ ಇಳಿತದ ವ್ಯತ್ಯಾಸ ಹೆಚ್ಚೆಂದರೆ ಒಂದು ಮೀಟರಿನಷ್ಟು. ಆದ್ದರಿಂದ ನೀರು ಇಳಿಯಿತೆಂದು ಬಹಳ ಮರಳೇನೂ ಬಯಲಾಗದು. ಅಲೆಯೊಳಗೆ ಇಳಿಯುವ ಹುಚ್ಚು ಬೇಡ. ಮರೀನಾದ ಅಲೆಗಳಿಗೆ ಪ್ರಾಣ ಕೊಟ್ಟವರು ಒಬ್ಬಿಬ್ಬರಲ್ಲ. ಮೊದಲು ಅಲ್ಲಿಯ ಪೊಲೀಸರನ್ನೂ ಕಾರ್ಪೊರೇಷನ್‌ನವರನ್ನೂ ಕೇಳಬೇಕು. ತೋಡಿದ ಗುಂಡಿ ಮುಚ್ಚಬೇಕು. ಕಾಲು ಮುರಿದುಕೊಳ್ಳುವುದು ಇನ್ಯಾರದೋ ಮಗು.

ಸರಿ, ಉಂಗುರ ಸಿಕ್ಕಿತೆನ್ನಿ. ಅದು ಯಾರದು? ಕಳೆದುಕೊಂಡವರದು! ಒಡೆಯರು ಯಾರೆಂದು ಗೊತ್ತಿದ್ದೂ, ಇಲ್ಲವೇ ಪತ್ತೆ ಮಾಡುವ ದಾರಿಯಿದ್ದೂ ಜೇಬಿಗಿಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಅಪರಾಧ. ಹೂತಿಟ್ಟ ನಿಧಿಯೇ ಸಿಕ್ಕರೆ ಬೇರೆ ಲೆಕ್ಕ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಮೀರಿದ ಬೆಲೆಯದಾದರೆ ಕಲೆಕ್ಟರಿಗೆ ಬರೆದು ತಿಳಿಸಲೇಬೇಕು. ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಕರ್ನಾಟಕಕ್ಕೆ ತನ್ನದೇ ಆದ 1962ರ ಕಾಯ್ದೆಯಿದೆ.

ನಿಜವಾದ ಭಯ ಬೇರೆ ಇದೆ. ಬೀಚಿಗೆಂದು ಕೊಂಡ ಮೆಷಿನ್ ವಾಪಸು ಬಂದ ಮೇಲೆ ಅಟ್ಟದ ಮೇಲೆ ಸುಮ್ಮನೆ ಕೂರುವುದೇ? ಸಾಲದ ಕಂತು ಕಟ್ಟಬೇಕಲ್ಲ! ಆಗ ಕಣ್ಣು ಬೀಳುವುದು ಆವಣಿಯ ಗುಡಿಗಳ ಮೇಲೆ, ಊರಾಚೆಯ ವೀರಗಲ್ಲಿನ ಮೇಲೆ, ಕೆರೆ ಏರಿಯ ಮೇಲೆ. ಕೋಲಾರದ ಸೋಮೇಶ್ವರ, ಕೋಲಾರಮ್ಮ ದೇವಾಲಯಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ಅಲ್ಲಿ ಗುದ್ದಲಿ ಆಡಿಸಿದವನಿಗೆ ಸಿಗುವುದು ಹೊನ್ನಲ್ಲ, ಕೋಳ. ಏರಿ ಅಗೆದವನಂತೂ ಊರಿನ ನೀರಿಗೇ ಕನ್ನ ಹಾಕಿದಂತೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಹರಿಯುವ ತನಕ ಬರಿ ತಳ ಕಂಡ ಕೆರೆಗಳೆಷ್ಟೆಂದು ಈ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಹುಡುಗರು ಹೋಗಲಿ, ಸಮುದ್ರ ನೋಡಲಿ. ಸಾಲ ಮಾಡಿ ಮೆಷಿನ್ ಕೊಳ್ಳುವುದು ಬೇಡ. ಇದ್ದವರ ಹತ್ತಿರ ಒಂದು ದಿನ ಕೇಳಿ ತಂದರೆ ಸಾಕು. ಯಾರೋ ಹೆಣ್ಣುಮಗಳ ತಾಳಿಗುಂಡು ಸಿಕ್ಕಿ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದರೆ, ಊರಿನಲ್ಲಿ ತಲೆಯೆತ್ತಿ ಹೇಳಿಕೊಳ್ಳಲು ಅಷ್ಟು ಸಾಲದೇ?